ಜತ್ತದ ಕನ್ನಡ ಶಾಲೆ, ಇಂಗ್ಲಿಷಿನ ಪರೀಕ್ಷೆ

ಸಾಂಗ್ಲಿ ಜಿಲ್ಲೆಯ ಜತ್ತ ತಾಲೂಕಿನ ಪೂರ್ವ ಭಾಗದ ಹಳ್ಳಿಗಳಲ್ಲಿ ಹುಟ್ಟಿದ ಮಗು ಎರಡು ಭಾಷೆಗಳನ್ನು ಕೇಳುತ್ತಲೇ ಬೆಳೆಯುತ್ತದೆ. ಮನೆಯಲ್ಲಿ, ಹೊಲದಲ್ಲಿ, ಗುಡ್ಡಾಪುರದ ದಾನಮ್ಮದೇವಿಯ ಜಾತ್ರೆಯಲ್ಲಿ ಕನ್ನಡ. ತಲಾಠಿ ಕಚೇರಿಯಲ್ಲಿ, ಜಮೀನಿನ ಸಾತ್‌ಬಾರಾ ಉತಾರೆಯಲ್ಲಿ, ಎಸ್.ಟಿ. ಬಸ್ಸಿನ ಬೋರ್ಡಿನ ಮೇಲೆ ಮರಾಠಿ. ಶಾಲೆಗೆ ಸೇರಿದ ವರ್ಷವೇ ಮೂರನೆಯದೂ ಜೊತೆಯಾಗುತ್ತದೆ, ಏಕೆಂದರೆ ಮಹಾರಾಷ್ಟ್ರದಲ್ಲಿ 2000ದಿಂದ ಒಂದನೆಯ ತರಗತಿಯಲ್ಲೇ ಇಂಗ್ಲಿಷ್ ಕಲಿಕೆ ಶುರುವಾಗುತ್ತದೆ. ಉಮದಿ, ಸಂಖ, ತಿಕ್ಕುಂಡಿ ಸೀಮೆಯ ಕನ್ನಡ ಶಾಲೆಗಳ ಮಕ್ಕಳು ಗಣಿತ, ವಿಜ್ಞಾನವನ್ನು ಪುಣೆಯ ಬಾಲಭಾರತಿ ಅಚ್ಚು ಹಾಕಿಸಿದ ಕನ್ನಡ ಪುಸ್ತಕಗಳಲ್ಲಿ ಓದುತ್ತಾರೆ. ಜೊತೆಗೆ ಮರಾಠಿ ಒಂದು ಪುಸ್ತಕ, ಇಂಗ್ಲಿಷ್ ಒಂದು ಪುಸ್ತಕ.

ಹೀಗೆ ಓದಿದವರಲ್ಲಿ ಹಲವರು ಇಪ್ಪತ್ತು ದಾಟಿದ ಮೇಲೆ ಇಂಗ್ಲಿಷಿನ ದೊಡ್ಡ ಪರೀಕ್ಷೆಯೊಂದಕ್ಕೆ ಕೂರಬೇಕಾಗುತ್ತದೆ. ನರ್ಸಿಂಗ್ ಮುಗಿಸಿದ ಹುಡುಗಿ ಬ್ರಿಟನ್ನಿನ ಆಸ್ಪತ್ರೆಗೆ ಹೋಗಬೇಕೆಂದರೆ ಅಲ್ಲಿನ ನರ್ಸಿಂಗ್ ಮತ್ತು ಮಿಡ್‌ವೈಫರಿ ಕೌನ್ಸಿಲ್ ಐಇಎಲ್‌ಟಿಎಸ್ ಪರೀಕ್ಷೆಯಲ್ಲಿ ಓದು, ಆಲಿಕೆ, ಮಾತು ಮೂರರಲ್ಲೂ 7, ಬರವಣಿಗೆಯಲ್ಲಿ ಕನಿಷ್ಠ 6.5 ಬ್ಯಾಂಡ್ ಕೇಳುತ್ತದೆ. ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳನ್ನು ವಿದೇಶಕ್ಕೆ ಕಳಿಸುವ ಮಹಾರಾಷ್ಟ್ರ ಸರಕಾರದ ರಾಜರ್ಷಿ ಶಾಹು ಮಹಾರಾಜ ವಿದ್ಯಾರ್ಥಿವೇತನ ಪಡೆಯಲು ಮೊದಲು ಅಲ್ಲಿನ ವಿಶ್ವವಿದ್ಯಾಲಯದ ಪ್ರವೇಶ ಬೇಕು. ಇಂಗ್ಲಿಷಿನಲ್ಲಿ ಕಲಿಸುವ ವಿಶ್ವವಿದ್ಯಾಲಯಗಳು ಸಾಮಾನ್ಯವಾಗಿ ಐಇಎಲ್‌ಟಿಎಸ್ ಇಲ್ಲವೇ ಟೋಫೆಲ್ ಅಂಕ ನೋಡದೆ ಪ್ರವೇಶ ಕೊಡುವುದಿಲ್ಲ. ದೇಶದಲ್ಲೇ ಉಳಿದು ಕೇಂದ್ರ ಸರಕಾರದ ನೌಕರಿಗೆ ಸ್ಟಾಫ್ ಸೆಲೆಕ್ಷನ್ ಕಮಿಷನ್ ಪರೀಕ್ಷೆ ಬರೆಯುವವರಿಗೂ ಇಂಗ್ಲಿಷಿನ ಸಮಾನಾರ್ಥಕ, ವಿರುದ್ಧಾರ್ಥಕ, ನುಡಿಗಟ್ಟುಗಳ ಪ್ರಶ್ನೆಗಳು ಎದುರಾಗುತ್ತವೆ.

ಆಗ ಅವರ ಕೈಗೆ ಮೊದಲು ಸಿಗುವುದು ಪದಪಟ್ಟಿ. ಪುಣೆಯ ಸದಾಶಿವ ಪೇಠ, ಧಾರವಾಡದ ಸಪ್ತಾಪುರ, ವಿಜಯಪುರದ ಕೋಚಿಂಗ್ ತರಗತಿಗಳು, ಮೊಬೈಲಿನ ವೀಡಿಯೊಗಳು ಎಲ್ಲ ಕಡೆಯೂ ಅದೇ ಸರಕು. ಎಡಗಡೆ ಕಠಿಣ ಪದ, ಬಲಗಡೆ ಒಂದೇ ಪದದ ಅರ್ಥ, ಕೆಳಗೆ ಇಷ್ಟು ದಿನದಲ್ಲಿ ಇಷ್ಟು ಪದ ಎಂಬ ಭರವಸೆ. ಹಳ್ಳಿಯಿಂದ ಬಂದ ಹುಡುಗ, ಹುಡುಗಿಯರು ಹಗಲಿರುಳು ಅದನ್ನು ಬಾಯಿಪಾಠ ಮಾಡುತ್ತಾರೆ. ಅವರ ಶ್ರಮದಲ್ಲಿ ಕೊರತೆಯಿಲ್ಲ. ಅವರಿಗೆ ತೋರಿಸಿದ ದಾರಿ ಸರಿಯಿಲ್ಲ. ಉನ್ನತ ಮಟ್ಟದ ಇಂಗ್ಲಿಷ್ ಶಬ್ದಸಂಪತ್ತು ಬೆಳೆಯುವುದು ವಿಷಯ ತಿಳಿದು ಓದುವುದರಿಂದ, ಓದಿದ್ದನ್ನು ಬರೆಯುವುದರಿಂದ. ಜತ್ತದ ಮಗುವಿಗೆ ಆ ಓದು ಕನ್ನಡದಲ್ಲಿ ಗಟ್ಟಿಯಾದರೆ ಮಾತ್ರ ಇಂಗ್ಲಿಷಿಗೆ ದಾಟುತ್ತದೆ. ಈ ಲೇಖನದ ವಾದ ಇಷ್ಟೇ, ಇದಕ್ಕೆ ಸಾಕ್ಷ್ಯ ಬೇಕಾದಷ್ಟಿದೆ.

ಮೊದಲ ಸಾಕ್ಷ್ಯ ಪರೀಕ್ಷೆಯ ಒಳಗೇ ಇದೆ. ಐಇಎಲ್‌ಟಿಎಸ್ ಬರವಣಿಗೆಯಲ್ಲಿ 60 ನಿಮಿಷಕ್ಕೆ ಎರಡು ಬರಹ ಕೊಡಬೇಕು, ಒಂದು ಕನಿಷ್ಠ 150 ಪದಗಳದ್ದು, ಇನ್ನೊಂದು 250 ಪದಗಳದ್ದು. ಅಂಕ ನಾಲ್ಕು ಸಮಪಾಲಾಗಿ ಹಂಚಿಹೋಗುತ್ತದೆ: ಕೇಳಿದ್ದಕ್ಕೆ ಉತ್ತರಿಸಿದ ರೀತಿ, ವಿಚಾರದ ಜೋಡಣೆ, ಶಬ್ದಸಂಪತ್ತು, ವ್ಯಾಕರಣ. ಶಬ್ದಕ್ಕೆ ಮೀಸಲಾದದ್ದು ಕಾಲು ಭಾಗ ಮಾತ್ರ. ಆ ಕಾಲು ಭಾಗದಲ್ಲೂ ಪರೀಕ್ಷಕರು ಅಪರೂಪದ ಪದಗಳನ್ನು ಎಣಿಸುತ್ತ ಕೂರುವುದಿಲ್ಲ. 6ನೇ ಬ್ಯಾಂಡಿನವರು ಅಷ್ಟಾಗಿ ಬಳಕೆಯಲ್ಲಿಲ್ಲದ ಪದಗಳನ್ನು ಬಳಸಲು ಯತ್ನಿಸಿ ಅಲ್ಲಲ್ಲಿ ತಪ್ಪುತ್ತಾರೆ. 7ನೇ ಬ್ಯಾಂಡಿನವರಿಗೆ ಯಾವ ಪದದ ಜೊತೆ ಯಾವುದು ಬರುತ್ತದೆ, ಯಾವ ಬರಹಕ್ಕೆ ಯಾವ ಧಾಟಿ ಒಪ್ಪುತ್ತದೆ ಎಂಬ ಅರಿವಿರುತ್ತದೆ. ಎರಡರ ನಡುವಿನ ಅಂತರ ಇದು. ಬಾಯಿಪಾಠ ಮಾಡಿ ತಂದ ಉತ್ತರವನ್ನು ಗುರುತಿಸುವ ತರಬೇತಿಯೂ ಪರೀಕ್ಷಕರಿಗೆ ಇರುತ್ತದೆ, ಅಂಥ ಉತ್ತರಕ್ಕೆ ಅಂಕ ಕಡಿಮೆಯಾಗುತ್ತದೆ.

ಪದದ ಜೊತೆ ಪದ ಬರುವ ಈ ನಂಟು ಜತ್ತದ ಮಗುವಿಗೆ ಹೊಸದಲ್ಲ. ಊರಲ್ಲಿ ಮಳಿ ಆಗತೈತಿ, ಬಿಸಲ ಬೀಳತೈತಿ, ಥಂಡಿ ಬಿಡತೈತಿ. ಈ ಮೂರರ ಕ್ರಿಯಾಪದಗಳನ್ನು ಅದಲುಬದಲು ಮಾಡಿ ಆಡಿದರೆ ಐದು ವರ್ಷದ ಮಗುವೂ ನಗುತ್ತದೆ. ಯಾರೂ ಅದಕ್ಕೆ ಪಟ್ಟಿ ಕೊಟ್ಟು ಕಲಿಸಿರುವುದಿಲ್ಲ. ನೂರಾರು ಸಲ ಕೇಳಿ ಕೇಳಿ ಬಂದ ತಿಳಿವಳಿಕೆ ಅದು. ಇಂಗ್ಲಿಷಿನಲ್ಲಿಯೂ ಜೋರು ಮಳೆಗೆ ‘ಹೆವಿ’ ಎನ್ನುತ್ತಾರೆ, ಜೋರು ಗಾಳಿಗೆ ‘ಸ್ಟ್ರಾಂಗ್’ ಎನ್ನುತ್ತಾರೆ. ಅರ್ಥದ ಪಟ್ಟಿಯಲ್ಲಿ ಎರಡಕ್ಕೂ ‘ಜೋರು’ ಎಂದೇ ಇರಬಹುದು. ಪಟ್ಟಿಯನ್ನಷ್ಟೇ ಓದಿದವರು ಎರಡನ್ನೂ ಅದಲುಬದಲು ಮಾಡಿ ಬರೆದು ಅಂಕ ಕಳೆದುಕೊಳ್ಳುತ್ತಾರೆ. ಓದುತ್ತ ಹೋದವರ ಕಿವಿಗೆ ತಪ್ಪು ತಾನಾಗಿ ಗೊತ್ತಾಗುತ್ತದೆ.

ಪರೀಕ್ಷೆ ನಡೆಸುವವರೂ ಬಿಡಿಪದಗಳನ್ನು ಒಂದೊಂದಾಗಿ ಕೈಬಿಟ್ಟಿದ್ದಾರೆ. 1964ರಲ್ಲಿ ಆರಂಭವಾದ ಟೋಫೆಲ್ ಒಂದು ಕಾಲಕ್ಕೆ ಬಿಡಿ ವಾಕ್ಯಗಳಲ್ಲಿ ಪದದ ಅರ್ಥ ಕೇಳುತ್ತಿತ್ತು. ಈಗ ಓದಲು ಕೊಟ್ಟ ಪಠ್ಯದ ನಡುವೆಯೇ ಕೇಳುತ್ತದೆ. ಅಮೆರಿಕದ ಸ್ನಾತಕೋತ್ತರ ಪ್ರವೇಶದ ಜಿಆರ್‌ಇ ಪರೀಕ್ಷೆಗೆಂದು ಮೂರೂವರೆ ಸಾವಿರ ಪದಗಳ ಪಟ್ಟಿಯನ್ನು ತಲೆಮಾರುಗಟ್ಟಲೆ ಭಾರತೀಯ ವಿದ್ಯಾರ್ಥಿಗಳು ಉರುಹೊಡೆದರು. 2011ರಲ್ಲಿ ಆ ಪರೀಕ್ಷೆ ವಿರುದ್ಧಪದ ಮತ್ತು ಪದಸಾದೃಶ್ಯದ ಪ್ರಶ್ನೆಗಳನ್ನೇ ತೆಗೆದುಹಾಕಿತು. ಅಲ್ಲಿನ ಎಸ್‌ಎಟಿ ಪರೀಕ್ಷೆಯೂ 2016ರ ಪರಿಷ್ಕರಣೆಯಲ್ಲಿ ಅಪರೂಪದ ಪದಗಳ ಮೇಲೆ ನಿಂತಿದ್ದ ವಾಕ್ಯಪೂರಣದ ಪ್ರಶ್ನೆಗಳನ್ನು ಕೈಬಿಟ್ಟಿತು. ನಮ್ಮ ಕೋಚಿಂಗ್ ಸಂತೆಯಲ್ಲಿ ಮಾತ್ರ ಹಳೆಯ ಪಟ್ಟಿಗಳು ಹೊಸ ರಕ್ಷಾಪುಟ ಹೊದ್ದು ಮಾರಾಟವಾಗುತ್ತಲೇ ಇವೆ. ಸ್ಟಾಫ್ ಸೆಲೆಕ್ಷನ್ ಪರೀಕ್ಷೆಗೆ ಪಟ್ಟಿ ಬೇಕೇ ಬೇಕು ಎನ್ನುವವರಿದ್ದಾರೆ. ಅಲ್ಲಿಯೂ ಗದ್ಯ ಓದಿ ಉತ್ತರಿಸುವ, ಖಾಲಿ ಬಿಟ್ಟ ಜಾಗ ತುಂಬುವ ಪ್ರಶ್ನೆಗಳಿವೆ. ಓದಿನ ಅಭ್ಯಾಸವಿಲ್ಲದವರು ಅಲ್ಲೇ ಸೋಲುತ್ತಾರೆ.

ಲೆಕ್ಕವೂ ಪಟ್ಟಿಯ ಕಡೆಗಿಲ್ಲ. ನ್ಯೂಜಿಲೆಂಡಿನ ವಿಕ್ಟೋರಿಯಾ ವಿಶ್ವವಿದ್ಯಾಲಯದ ಪಾಲ್ ನೇಷನ್ ಶಬ್ದಕಲಿಕೆಯ ಸಂಶೋಧನೆಯಲ್ಲಿ ದೊಡ್ಡ ಹೆಸರು. ಪತ್ರಿಕೆ, ಕಾದಂಬರಿಗಳಂಥ ಇಂಗ್ಲಿಷ್ ಬರಹವನ್ನು ಯಾರ ನೆರವೂ ಇಲ್ಲದೆ ಓದಬೇಕಾದರೆ ಎಂಟರಿಂದ ಒಂಬತ್ತು ಸಾವಿರ ಪದಕುಟುಂಬಗಳು ತಿಳಿದಿರಬೇಕೆಂದು 2006ರಲ್ಲಿ ಅವರು ತೋರಿಸಿದರು. ಒಂದು ಮೂಲಪದ, ಅದರಿಂದ ಹುಟ್ಟಿದ ರೂಪಗಳು ಎಲ್ಲ ಸೇರಿ ಒಂದು ಕುಟುಂಬ. ಅದೇ ವಿಶ್ವವಿದ್ಯಾಲಯದ ಆವರಿಲ್ ಕಾಕ್ಸ್‌ಹೆಡ್ 2000ದಲ್ಲಿ ಪ್ರಕಟಿಸಿದ ಶೈಕ್ಷಣಿಕ ಪದಗಳ ಪಟ್ಟಿಯಲ್ಲಿ 570 ಪದಕುಟುಂಬಗಳಿವೆ. ಕಾಲೇಜು ಮಟ್ಟದ ಪಠ್ಯಗಳಲ್ಲಿ ಕಾಣುವ ಪದಗಳ ಸುಮಾರು ಹತ್ತನೆಯ ಒಂದು ಭಾಗ ಈ 570ರೊಳಗಿನವೇ. ವಿಶ್ಲೇಷಣೆ, ಪುರಾವೆ, ಕಾರಣ, ಪ್ರಮಾಣ, ಬದಲಾವಣೆಗಳನ್ನು ಹೇಳುವ ಪದಗಳು ಅವು. ಪರೀಕ್ಷೆಗೆ ಕೂರುವವರು ಕಡೆಗಣಿಸಿ ಮುಂದೆ ಹೋಗುವುದು ಇವನ್ನೇ. ಅವರಿಗೆ ಬೇಕಾದದ್ದು ಯಾರೂ ಕೇಳದ ಬೆರಗಿನ ಪದ.

ಮರೆವಿನ ಲೆಕ್ಕ ಇನ್ನೂ ಹಳೆಯದು. ಜರ್ಮನಿಯ ಹೆರ್ಮನ್ ಎಬ್ಬಿಂಗ್‌ಹೌಸ್ ತಮ್ಮ ಮೇಲೆಯೇ ಪ್ರಯೋಗ ಮಾಡಿಕೊಂಡು 1885ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ, ಅರ್ಥವಿಲ್ಲದ ಅಕ್ಷರಗುಂಪುಗಳನ್ನು ಕಲಿತರೆ ಹೆಚ್ಚಿನ ಭಾಗ ಒಂದೆರಡು ದಿನದಲ್ಲೇ ಜಾರಿಹೋಗುತ್ತದೆ, ದಿನಗಳ ಅಂತರ ಬಿಟ್ಟು ಮತ್ತೆ ಮತ್ತೆ ನೋಡಿದರೆ ಉಳಿಯುತ್ತದೆ ಎಂದು ಬರೆದರು. ವಿಷಯದ ಹಂಗಿಲ್ಲದ ಕಠಿಣ ಪದವೂ ಓದುವವನ ಪಾಲಿಗೆ ಅರ್ಥವಿಲ್ಲದ ಅಕ್ಷರಗುಂಪಿನಂತೆಯೇ.

ಹಾಗೆಂದು ಪಟ್ಟಿಯೇ ಬೇಡವೆಂದಲ್ಲ. ಪಾಲ್ ನೇಷನ್ ಅವರೇ ಕಲಿಕೆಯ ಕಾಲವನ್ನು ನಾಲ್ಕು ಪಾಲು ಮಾಡುತ್ತಾರೆ: ಅರ್ಥಕ್ಕಾಗಿ ಓದುವುದು ಮತ್ತು ಕೇಳುವುದು, ಅರ್ಥಕ್ಕಾಗಿ ಮಾತಾಡುವುದು ಮತ್ತು ಬರೆಯುವುದು, ಪದ ಹಾಗೂ ವ್ಯಾಕರಣವನ್ನು ಬೇಕೆಂದೇ ಕಲಿಯುವುದು, ಬಲ್ಲದ್ದನ್ನು ಸರಾಗವಾಗಿ ಬಳಸುವುದು. ಪಟ್ಟಿಗೆ ಸಲ್ಲುವುದು ಮೂರನೆಯ ಪಾಲಿನ ಒಂದಂಶ. ಪದದ ಚೀಟಿಯ ಹಿಂಬದಿಯಲ್ಲಿ ಮಾತೃಭಾಷೆಯ ಅರ್ಥ ಬರೆದುಕೊಳ್ಳುವುದು ಒಳ್ಳೆಯದೆಂದೂ ಅವರು ಹೇಳುತ್ತಾರೆ. ಇಂಗ್ಲಿಷ್ ಕಲಿಯುವಾಗ ಕನ್ನಡ ಬಾಯಿಗೆ ಬರಬಾರದು ಎಂದು ಮಕ್ಕಳನ್ನು ಗದರಿಸುವ ಶಾಲೆಗಳು ಇದನ್ನು ಗಮನಿಸಬೇಕು.

ವಿಷಯದ ಒಳಗಿನಿಂದ ಪದ ಬರುವುದು ಹೇಗೆಂದು ತಿಳಿಯಲು ಜತ್ತದ ತೋಟಗಳಿಗೆ ಹೋದರೆ ಸಾಕು. ಬರದ ತಾಲೂಕು ಇದು. ಮಾಡಗ್ಯಾಳ ತಳಿಯ ಕುರಿಗೆ ಹೆಸರಾದದ್ದು, ಸುಗ್ಗಿ ಕೈಕೊಟ್ಟ ವರ್ಷ ಕಬ್ಬು ಕಡಿಯಲು ಜನ ಗುಳೆ ಹೋಗುವಂಥದ್ದು. ನೀರು ಸಿಕ್ಕ ಕಡೆ ರೈತರು ದ್ರಾಕ್ಷಿ, ದಾಳಿಂಬೆ ಹಚ್ಚಿದ್ದಾರೆ. ಅವರ ದಿನದ ಮಾತಿನಲ್ಲಿ ಪ್ರೂನಿಂಗ್ ಇದೆ, ಕೆನೊಪಿ ಇದೆ, ರೂಟ್‌ಸ್ಟಾಕ್ ಇದೆ, ಡೌನಿ ಇದೆ, ಜಿಬ್ಬರ್ಲಿಕ್ ಆಸಿಡ್ಡಿನ ಡಿಪ್ಪಿಂಗ್ ಇದೆ. 2010ರಲ್ಲಿ ಕ್ಲೋರ್ಮೆಕ್ವಾಟ್ ಕ್ಲೋರೈಡ್ ಎಂಬ ಬೆಳವಣಿಗೆ ನಿಯಂತ್ರಕದ ಅಂಶ ಮಿತಿ ಮೀರಿದೆಯೆಂದು ಭಾರತದ ದ್ರಾಕ್ಷಿಗೆ ಯುರೋಪಿನಲ್ಲಿ ತಡೆ ಬಿತ್ತು. ಅಲ್ಲಿಂದ ಈಚೆಗೆ ‘ರೆಸಿಡ್ಯೂ’ ಎಂಬ ಪದ ಮಹಾರಾಷ್ಟ್ರದ ದ್ರಾಕ್ಷಿ ಸೀಮೆಯಲ್ಲೆಲ್ಲ ಮನೆಮಾತಾಯಿತು. ರೈತ ಅದನ್ನು ಎಲ್ಲಿಯೂ ಬಾಯಿಪಾಠ ಮಾಡಲಿಲ್ಲ. ಯಾವ ಔಷಧಿ, ಕೊಯ್ಲಿಗೆ ಎಷ್ಟು ದಿನ ಮೊದಲು, ಲ್ಯಾಬಿನ ವರದಿಯಲ್ಲಿ ಎಷ್ಟು ಬಂದರೆ ಮಾಲು ಹೋಗುತ್ತದೆ ಎಂಬುದೆಲ್ಲ ಆ ಒಂದು ಪದಕ್ಕೆ ಅಂಟಿಕೊಂಡೇ ಅವನಿಗೆ ಬಂತು. ಪದವನ್ನು ಅವನು ತಪ್ಪು ಜಾಗದಲ್ಲಿ ಬಳಸುವುದಿಲ್ಲ.

ಆ ರೈತನ ಮಗಳು ಪರೀಕ್ಷೆಗೆ ಕೂತಾಗ ಅವಳ ಎದುರು ಬರುವ ವಿಷಯಗಳು ನೀರಿನ ಅಭಾವ, ವಲಸೆ, ಕೃಷಿ, ಶಿಕ್ಷಣ, ಪರಿಸರ, ಆರೋಗ್ಯ. ಇವುಗಳಲ್ಲಿ ಅವಳಿಗೆ ತಿಳಿಯದ್ದು ಯಾವುದು? ಮೈಸಾಳ ಏತ ನೀರಾವರಿಯ ನೀರು ಎಲ್ಲಿಯವರೆಗೆ ಬಂತು, ಎಲ್ಲಿ ಬರಲಿಲ್ಲ ಎಂಬುದು ಅವಳ ಮನೆಯ ನಿತ್ಯದ ಮಾತು. 2022ರ ಡಿಸೆಂಬರಿನಲ್ಲಿ ಕರ್ನಾಟಕದ ತುಬಚಿ–ಬಬಲೇಶ್ವರ ಯೋಜನೆಯ ನೀರು ತಿಕ್ಕುಂಡಿಯ ಕಡೆ ಹರಿದದ್ದನ್ನು ಆ ಭಾಗದವರು ಕಣ್ಣಾರೆ ಕಂಡರು. ವಿಷಯ ಅವಳ ಕೈಯಲ್ಲಿದೆ; ಅದನ್ನು ಇಂಗ್ಲಿಷಿನಲ್ಲಿ ಜೋಡಿಸಿ ಹೇಳುವ ಅಭ್ಯಾಸವನ್ನು ಯಾರೂ ಮಾಡಿಸಿಲ್ಲ. ಬದಲಿಗೆ ಅವಳಿಗೆ ಸಂಬಂಧವೇ ಇಲ್ಲದ ಸಾವಿರ ಪದ ಕೊಟ್ಟು ಕೂರಿಸಲಾಗುತ್ತದೆ.

ಇನ್ನು ಕನ್ನಡದ ಮಾತು. ಕೆನಡಾದ ಶಿಕ್ಷಣತಜ್ಞ ಜಿಮ್ ಕಮಿನ್ಸ್ 1979ರಿಂದ ಹೇಳುತ್ತ ಬಂದಿರುವ ವಿಚಾರವೊಂದು ದ್ವಿಭಾಷಾ ಶಿಕ್ಷಣದ ಚರ್ಚೆಗಳಲ್ಲಿ ಇಂದಿಗೂ ಕೇಂದ್ರದಲ್ಲಿದೆ. ಬೀದಿಯಲ್ಲಿ ಆಡುವ ಭಾಷೆ ಒಂದು, ಓದಿ ವಾದಿಸಿ ಬರೆಯುವ ಭಾಷೆ ಇನ್ನೊಂದು. ಎರಡನೆಯದರ ಸಾಮರ್ಥ್ಯ ಮೊದಲ ಭಾಷೆಯಲ್ಲಿ ಬೆಳೆದಿದ್ದರೆ ಅದು ಎರಡನೆಯ ಭಾಷೆಗೂ ಒದಗುತ್ತದೆ ಎಂಬುದು ಅವರ ವಾದ. ಒಂದು ಪ್ಯಾರಾದ ಮುಖ್ಯ ವಿಚಾರ ಗುರುತಿಸುವುದು, ಕಾರಣ ಮತ್ತು ಪರಿಣಾಮ ಬೇರ್ಪಡಿಸುವುದು, ಎದುರು ವಾದಕ್ಕೆ ಉತ್ತರ ಕೊಡುವುದು ಕನ್ನಡದಲ್ಲಿ ಬಂದವರಿಗೆ ಇಂಗ್ಲಿಷಿನಲ್ಲಿ ಕಲಿಯಬೇಕಾದದ್ದು ಪದ ಮತ್ತು ವಾಕ್ಯ ಮಾತ್ರ. ಕನ್ನಡದಲ್ಲಿ ಬಾರದವರು ಎಲ್ಲವನ್ನೂ ಒಟ್ಟಿಗೆ, ಅದೂ ಅರ್ಧ ತಿಳಿದ ಭಾಷೆಯಲ್ಲಿ ಕಲಿಯಬೇಕು.

ದೇಶದ ಅಂಕಿಅಂಶ ಇದನ್ನೇ ಸೂಚಿಸುತ್ತದೆ. ಮಕ್ಕಳ ಕಲಿಕೆಯನ್ನು ಅಳೆಯುವ 2022ರ ಅಸರ್ ಸಮೀಕ್ಷೆಯ ವರದಿಯ ಪ್ರಕಾರ ಗ್ರಾಮೀಣ ಭಾರತದ ಐದನೆಯ ತರಗತಿಯ ಮಕ್ಕಳಲ್ಲಿ ತಮ್ಮ ಶಾಲಾಭಾಷೆಯ ಎರಡನೆಯ ತರಗತಿ ಮಟ್ಟದ ಪಾಠ ಓದಬಲ್ಲವರು ಶೇ 42.8. ಸರಳ ಇಂಗ್ಲಿಷ್ ವಾಕ್ಯ ಓದಬಲ್ಲವರು ಶೇ 24.5. ಎಂಟನೆಯ ತರಗತಿಗೆ ಬರುವಾಗ ಈ ಎರಡು ಅಂಕಿಗಳು ಶೇ 69.6 ಮತ್ತು ಶೇ 46.7 ಆಗುತ್ತವೆ. ಎಂಟು ವರ್ಷ ಶಾಲೆಗೆ ಹೋದ ಮೇಲೂ ಅರ್ಧಕ್ಕಿಂತ ಹೆಚ್ಚು ಮಕ್ಕಳು ಒಂದು ಸರಳ ಇಂಗ್ಲಿಷ್ ವಾಕ್ಯ ಓದಲಾರರು. ಇಂಥ ಅಡಿಪಾಯದ ಮೇಲೆ ಕೋಚಿಂಗಿನ ಮೂರು ತಿಂಗಳು ಯಾವ ಅಂತಸ್ತನ್ನೂ ಕಟ್ಟಲಾರದು.

ಕನ್ನಡದಿಂದ ಇಂಗ್ಲಿಷಿಗೆ ನಡೆದು ತೋರಿಸಿದವರು ಈ ಸೀಮೆಗೆ ಅಪರಿಚಿತರಲ್ಲ. ಸವಣೂರಿನಲ್ಲಿ 1909ರಲ್ಲಿ ಹುಟ್ಟಿದ ವಿ.ಕೃ. ಗೋಕಾಕರು ಧಾರವಾಡದಲ್ಲಿ ಕಲಿತು, ಆಕ್ಸ್‌ಫರ್ಡಿನಲ್ಲಿ ಇಂಗ್ಲಿಷ್ ಸಾಹಿತ್ಯ ಓದಿ ಮರಳಿ, ಸಾಂಗ್ಲಿಯ ವಿಲಿಂಗ್ಡನ್ ಕಾಲೇಜಿನ ಪ್ರಾಂಶುಪಾಲರಾದರು. ಮುಂದೆ ಹೈದರಾಬಾದಿನ ಸೆಂಟ್ರಲ್ ಇನ್‌ಸ್ಟಿಟ್ಯೂಟ್ ಆಫ್ ಇಂಗ್ಲಿಷಿನ ನಿರ್ದೇಶಕರಾಗಿ ದೇಶದ ಇಂಗ್ಲಿಷ್ ಶಿಕ್ಷಕರ ತರಬೇತಿಯ ಹೊಣೆ ಹೊತ್ತರು. ಅದೇ ಗೋಕಾಕರ ಅಧ್ಯಕ್ಷತೆಯ ಸಮಿತಿ 1981ರಲ್ಲಿ ಕರ್ನಾಟಕದ ಪ್ರೌಢಶಾಲೆಗಳಲ್ಲಿ ಕನ್ನಡವೇ ಪ್ರಥಮ ಭಾಷೆಯಾಗಬೇಕೆಂದು ವರದಿ ಕೊಟ್ಟಿತು. ಇಂಗ್ಲಿಷ್ ಕಲಿಸುವುದರಲ್ಲಿ ದೇಶಕ್ಕೇ ಮಾರ್ಗದರ್ಶಕರಾಗಿದ್ದವರಿಗೆ ಕನ್ನಡ, ಇಂಗ್ಲಿಷ್ ಒಂದಕ್ಕೊಂದು ಎದುರಾಗಿ ಕಾಣಲಿಲ್ಲ. ಹಳಿಯಾಳದಲ್ಲಿ ಹುಟ್ಟಿದ ಶಾಂತಿನಾಥ ದೇಸಾಯಿ ಕೊಲ್ಲಾಪುರದ ಶಿವಾಜಿ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದವರು, ಕನ್ನಡದಲ್ಲಿ ‘ಮುಕ್ತಿ’, ‘ಓಂ ಣಮೋ’ ಬರೆದವರು. ಜತ್ತದ ಕಾಲೇಜು ವಿದ್ಯಾರ್ಥಿಗಳು ಪದವಿ ಪಡೆಯುವುದು ಅದೇ ಶಿವಾಜಿ ವಿಶ್ವವಿದ್ಯಾಲಯದಿಂದ.

ಇನ್ನೂ ಹತ್ತಿರದ ಹೆಸರು ಬೇಕೆಂದರೆ ಜತ್ತ ತಾಲೂಕಿನ ಉಮದಿಯೇ ಇದೆ. ಇಂಚಗೇರಿ ಸಂಪ್ರದಾಯದ ಭಾವೂಸಾಹೇಬ ಮಹಾರಾಜರು ಉಮದಿಯವರು. ಅವರ ಶಿಷ್ಯ ಗುರುದೇವ ರಾನಡೆ 1886ರಲ್ಲಿ ಜಮಖಂಡಿಯಲ್ಲಿ ಹುಟ್ಟಿ, ಸಾಂಗ್ಲಿಯ ವಿಲಿಂಗ್ಡನ್ ಕಾಲೇಜಿನಲ್ಲಿಯೂ ಪಾಠ ಹೇಳಿ, ಅಲಹಾಬಾದ್ ವಿಶ್ವವಿದ್ಯಾಲಯದ ಕುಲಪತಿಯಾದರು. ಉಪನಿಷತ್ತುಗಳ ತತ್ತ್ವಜ್ಞಾನದ ಮೇಲೆ 1926ರಲ್ಲಿ ಅವರು ಇಂಗ್ಲಿಷಿನಲ್ಲಿ ಪ್ರಕಟಿಸಿದ ಗ್ರಂಥ ಹೊರದೇಶಗಳ ವಿದ್ವಾಂಸರನ್ನೂ ತಲುಪಿತು. ಮರಾಠಿ ಸಂತರ ಬಗ್ಗೆ, ಕನ್ನಡ ಅನುಭಾವ ಸಾಹಿತ್ಯದ ಬಗ್ಗೆ ಅವರು ಬರೆದದ್ದೂ ಇಂಗ್ಲಿಷಿನಲ್ಲೇ. ಗಡಿನಾಡಿನ ಎರಡೂ ಭಾಷೆಗಳ ಓದು, ಸಂಸ್ಕೃತದ ಅಧ್ಯಯನ ಅವರ ಇಂಗ್ಲಿಷಿಗೆ ಸರಕು ಒದಗಿಸಿತು. ಹೇಳಲು ವಿಷಯವಿದ್ದವರ ಕಡೆ ಪದ ನಡೆದು ಬರುತ್ತದೆ ಎಂಬುದಕ್ಕೆ ಅವರಷ್ಟು ಸ್ಪಷ್ಟ ಉದಾಹರಣೆ ಈ ಸೀಮೆಯಲ್ಲಿ ಇನ್ನೊಂದಿಲ್ಲ.

ಇವರೆಲ್ಲ ಅಸಾಮಾನ್ಯರು, ಸಾಮಾನ್ಯ ಮಕ್ಕಳ ಪಾಡೇನು ಎಂದು ಕೇಳಬಹುದು. ಸಾಮಾನ್ಯ ಮಕ್ಕಳಿಗಾಗಿಯೇ ನಮ್ಮ ನೆಲದಲ್ಲಿ ಎರಡು ದೊಡ್ಡ ಪ್ರಯೋಗಗಳು ನಡೆದಿವೆ. ಢಾಕಾದಲ್ಲಿ ಶಿಕ್ಷಕರ ತರಬೇತಿ ಕಾಲೇಜಿನಲ್ಲಿದ್ದ ಮೈಕೇಲ್ ವೆಸ್ಟ್, ಬಂಗಾಳಿ ಮಕ್ಕಳಿಗೆ ಮೊದಲು ಬೇಕಾದದ್ದು ಓದಿ ತಿಳಿಯುವ ಶಕ್ತಿ ಎಂದು 1926ರಲ್ಲಿ ವಾದಿಸಿದರು. ಪರಿಚಿತ ಪದಗಳ ನಡುವೆ ಹೊಸ ಪದಗಳನ್ನು ಅಂತರವಿಟ್ಟು ಸೇರಿಸಿದ ಕಥೆಪುಸ್ತಕಗಳನ್ನು ಸಿದ್ಧಪಡಿಸಿದರು. 1953ರಲ್ಲಿ ಅವರು ಹೊರತಂದ ಸುಮಾರು ಎರಡು ಸಾವಿರ ಮೂಲಪದಗಳ ಪಟ್ಟಿ ಜಗತ್ತಿನಾದ್ಯಂತ ಇಂಗ್ಲಿಷ್ ಪಠ್ಯಪುಸ್ತಕಗಳಿಗೆ ಆಧಾರವಾಯಿತು. ಮುಂದೆ 1979ರಿಂದ 1984ರವರೆಗೆ ಇಂಗ್ಲಿಷ್ ಬೋಧನೆಯ ತಜ್ಞ ಎನ್.ಎಸ್. ಪ್ರಭು ಅವರು ಬೆಂಗಳೂರು, ಮದ್ರಾಸು ಮೊದಲಾದ ಕಡೆಯ ಸಾಧಾರಣ ಶಾಲೆಗಳಲ್ಲಿ, ವ್ಯಾಕರಣ ಮತ್ತು ಪದಪಟ್ಟಿ ಬದಿಗಿಟ್ಟು, ನಕ್ಷೆ ನೋಡಿ ದಾರಿ ಹೇಳುವುದು, ರೈಲ್ವೆ ವೇಳಾಪಟ್ಟಿಯಿಂದ ಲೆಕ್ಕ ಹಾಕುವುದು ಮುಂತಾದ ಕೆಲಸಗಳ ಮೂಲಕ ಇಂಗ್ಲಿಷ್ ಕಲಿಸಿದರು. ಜಗತ್ತು ಇಂದಿಗೂ ಅದನ್ನು ಬೆಂಗಳೂರು ಪ್ರಾಜೆಕ್ಟ್ ಎಂದು ಅಭ್ಯಾಸ ಮಾಡುತ್ತದೆ. ಮನಸ್ಸು ಅರ್ಥದ ಮೇಲಿದ್ದಾಗ ಭಾಷೆ ಚೆನ್ನಾಗಿ ಕೂರುತ್ತದೆ ಎಂಬುದು ಪ್ರಭು ಅವರ ನಿಲುವು.

ಜತ್ತದಲ್ಲಿ ಹೀಗೆ ಕಲಿಸುವುದಕ್ಕೆ ಮೊದಲ ಅಡ್ಡಿ ಶಿಕ್ಷಕರ ಕೊರತೆ. 2024ರಲ್ಲಿ ತಾಲೂಕಿನ ಕನ್ನಡ ಶಾಲೆಗಳಿಗೆ ಮರಾಠಿ ಮಾಧ್ಯಮದ ಶಿಕ್ಷಕರನ್ನು ನೇಮಿಸಿದಾಗ ಎರಡೂ ರಾಜ್ಯಗಳಲ್ಲಿ ಅದು ಸುದ್ದಿಯಾಯಿತು, ಕನ್ನಡಿಗರು ವಿರೋಧಿಸಿದರು. ವಿರೋಧಿಸಿದ್ದು ಸರಿ. ಕನ್ನಡ ಬಾರದ ಶಿಕ್ಷಕರು ಎಷ್ಟೇ ಒಳ್ಳೆಯವರಿರಲಿ, ಕನ್ನಡ ಮಾತ್ರ ತಿಳಿದ ಆರು ವರ್ಷದ ಮಗುವಿಗೆ ಗಣಿತವನ್ನೂ ತಿಳಿಸಲಾರರು, ಇಂಗ್ಲಿಷನ್ನೂ ತಿಳಿಸಲಾರರು. ಅಂದಿನ ವಾದ ಕನ್ನಡದ ಉಳಿವಿನ ಸುತ್ತಲೇ ನಡೆಯಿತು. ಆ ಮಕ್ಕಳ ಇಂಗ್ಲಿಷಿಗೂ ಇಂಥ ನೇಮಕದಿಂದ ಪೆಟ್ಟು ಬೀಳುತ್ತದೆ ಎಂಬ ಮಾತನ್ನೂ ಅಷ್ಟೇ ಗಟ್ಟಿಯಾಗಿ ಹೇಳಬೇಕು, ಏಕೆಂದರೆ ಪಾಲಕರು ಕೇಳಲು ಬಯಸುವುದು ಅದನ್ನೇ. ಮರಾಠಿಯೂ ಈ ಮಕ್ಕಳಿಗೆ ಬೇಕು. 2020ರ ಕಾಯ್ದೆ ರಾಜ್ಯದ ಎಲ್ಲ ಶಾಲೆಗಳಲ್ಲಿ ಅದನ್ನು ಕಡ್ಡಾಯ ಮಾಡಿದೆ, ನೌಕರಿಗೂ ವ್ಯವಹಾರಕ್ಕೂ ಅದು ಬೇಕೇ ಬೇಕು. ಮೂರು ಭಾಷೆಗಳ ಹೊರೆ ಹೊರುವ ಮಕ್ಕಳಿಗೆ ಒಂದಾದರೂ ಭಾಷೆ ಪೂರ್ತಿ ಕೈವಶವಾಗಿರಬೇಕು.

ಸಾಲ ಮಾಡಿಯಾದರೂ ಇಂಗ್ಲಿಷ್ ಮೀಡಿಯಂ ಶಾಲೆಗೆ ಹಾಕುವ ಪಾಲಕರನ್ನು ದೂರಿ ಪ್ರಯೋಜನವಿಲ್ಲ. ಅವರ ಆಸೆ ನ್ಯಾಯವಾದದ್ದು. ಆದರೆ ಇಂಗ್ಲಿಷ್ ಮೀಡಿಯಂ ಎಂಬ ಬೋರ್ಡಿನ ಕೆಳಗೆ ಗೈಡ್ ನೋಡಿ ಉತ್ತರ ಬರೆಸುವ ಪಾಠವೇ ನಡೆಯುವುದಾದರೆ, ಮಗುವಿಗೆ ಕನ್ನಡವೂ ಅರ್ಧ, ಇಂಗ್ಲಿಷೂ ಅರ್ಧ. ಒಳ್ಳೆಯ ಗ್ರಂಥಾಲಯವಿರುವ, ದಿನವೂ ಓದಿಸುವ, ಮಕ್ಕಳಿಂದ ಸ್ವಂತ ವಾಕ್ಯ ಬರೆಸುವ ಕನ್ನಡ ಶಾಲೆ ಅದಕ್ಕಿಂತ ಮೇಲು. ಶಾಲೆ ಆರಿಸುವಾಗ ಪಾಲಕರು ಬೋರ್ಡು ನೋಡುವ ಬದಲು ಮಕ್ಕಳ ನೋಟುಪುಸ್ತಕ ತೆರೆದು ನೋಡಲಿ. ಅಲ್ಲಿ ಮಗುವಿನದೇ ವಾಕ್ಯಗಳಿವೆಯೇ, ಎಲ್ಲರದೂ ಒಂದೇ ಉತ್ತರವೇ?

ಈಗಾಗಲೇ ಪರೀಕ್ಷೆಗೆ ಸಿದ್ಧರಾಗುತ್ತಿರುವವರಿಗೂ ದಾರಿಯಿದೆ. ಒಂದು ವಿಷಯ ಹಿಡಿಯಬೇಕು, ಅಂತರ್ಜಲ ಎನ್ನೋಣ. ಅದರ ಬಗ್ಗೆ ಮೊದಲು ಕನ್ನಡದಲ್ಲಿ ಒಂದು ಒಳ್ಳೆಯ ಲೇಖನ ಓದಬೇಕು, ಆಮೇಲೆ ಇಂಗ್ಲಿಷಿನಲ್ಲಿ ಎರಡು, ಮೂರು. ಅದೇ ಪದಗಳು ಬೇರೆ ಬೇರೆ ವಾಕ್ಯಗಳಲ್ಲಿ ಮತ್ತೆ ಮತ್ತೆ ಸಿಗುತ್ತವೆ. ಐದಾರು ಪದಗಳನ್ನು ಅವು ಬಂದ ವಾಕ್ಯದ ಸಮೇತ ಬರೆದುಕೊಂಡು, ಪಕ್ಕದಲ್ಲಿ ಕನ್ನಡದ ಅರ್ಥ ಬರೆಯಬೇಕು. ಮರುದಿನ, ವಾರದ ಮೇಲೆ, ತಿಂಗಳ ಮೇಲೆ ತಿರುವಿ ನೋಡಬೇಕು. ವಾರದ ಕೊನೆಗೆ ಅದೇ ವಿಷಯದ ಮೇಲೆ 250 ಪದಗಳ ಪ್ರಬಂಧ ಬರೆದು ಬಲ್ಲವರಿಂದ ತಿದ್ದಿಸಿಕೊಳ್ಳಬೇಕು. ಅದನ್ನೇ ಗೆಳೆಯರೆದುರು ಐದು ನಿಮಿಷ ಮಾತಾಡಬೇಕು. ಐಇಎಲ್‌ಟಿಎಸ್‌ನ ಮಾತಿನ ಪರೀಕ್ಷೆ 11ರಿಂದ 14 ನಿಮಿಷದ ಮುಖಾಮುಖಿ ಸಂಭಾಷಣೆ. ಅಲ್ಲಿ ಕೇಳಿದ್ದಕ್ಕೆ ಸರಾಗವಾಗಿ ಉತ್ತರಿಸುವವರು ಗೆಲ್ಲುತ್ತಾರೆ.

ನಿಘಂಟಿನ ಆಯ್ಕೆಯೂ ಮುಖ್ಯ. ಕನ್ನಡಿಗರಿಗೆ ನಿಘಂಟಿನ ದೊಡ್ಡ ಪರಂಪರೆಯಿದೆ: 1894ರ ಕಿಟ್ಟೆಲ್, ಮೈಸೂರು ವಿಶ್ವವಿದ್ಯಾಲಯದ ಇಂಗ್ಲಿಷ್–ಕನ್ನಡ ನಿಘಂಟು, 2021ರಲ್ಲಿ ತೀರಿಕೊಂಡ ಶತಾಯುಷಿ ಜಿ. ವೆಂಕಟಸುಬ್ಬಯ್ಯನವರ ಇಂಗ್ಲಿಷ್–ಕನ್ನಡ ನಿಘಂಟು. ಅರ್ಥಕ್ಕೆ ಇವು ಬೇಕು. ಪದದ ಬಳಕೆಗೆ ಕಲಿಯುವವರ ನಿಘಂಟು ಬೇಕು. ಎ.ಎಸ್. ಹಾರ್ನ್‌ಬಿ ಜಪಾನಿನ ವಿದ್ಯಾರ್ಥಿಗಳಿಗೆ ಪಾಠ ಹೇಳುತ್ತಿದ್ದಾಗ ರೂಪಿಸಿ 1942ರಲ್ಲಿ ಹೊರಬಂದ ಪುಸ್ತಕವೇ ಇಂದಿನ ಆಕ್ಸ್‌ಫರ್ಡ್ ಅಡ್ವಾನ್ಸ್ಡ್ ಲರ್ನರ್ಸ್ ಡಿಕ್ಷನರಿಯ ಮೂಲ. ಇಂಗ್ಲಿಷನ್ನು ಹೊರಗಿನಿಂದ ಬಂದು ಕಲಿಯುವವರಿಗಾಗಿಯೇ ಹುಟ್ಟಿದ ಅದರಲ್ಲಿ ಪ್ರತಿ ಪದ ವಾಕ್ಯದೊಡನೆ ಬರುತ್ತದೆ. ಇಂಥ ಎರಡು ನಿಘಂಟುಗಳು ಜತ್ತದ ಪ್ರತಿ ಪ್ರೌಢಶಾಲೆಯಲ್ಲಿ ಮಕ್ಕಳ ಕೈಗೆ ಎಟಕುವಂತಿರಬೇಕು. ಕಪಾಟಿನ ಬೀಗದೊಳಗಿನ ನಿಘಂಟಿನಿಂದ ಯಾರಿಗೂ ಉಪಯೋಗವಿಲ್ಲ.

ಓದಲು ಪುಸ್ತಕವೆಲ್ಲಿ ಎಂಬ ಪ್ರಶ್ನೆಗೂ ಉತ್ತರವಿದೆ. ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ತಾಣದಲ್ಲಿ ಒಂದೇ ಕಥೆ ಕನ್ನಡ, ಮರಾಠಿ, ಇಂಗ್ಲಿಷ್ ಮೂರರಲ್ಲೂ ಉಚಿತವಾಗಿ ಸಿಗುತ್ತದೆ. ಮುದ್ರಿಸಿ ಹಂಚಲೂ ಅಡ್ಡಿಯಿಲ್ಲ. ಮೂರು ಭಾಷೆ ಕಲಿಯುವ ಮಕ್ಕಳಿರುವ ಜತ್ತಕ್ಕೆ ಇದಕ್ಕಿಂತ ಹೊಂದುವ ಸಾಮಗ್ರಿ ಹುಡುಕಿದರೂ ಸಿಗದು.

ಗಡಿ ಎಲ್ಲಿರಬೇಕೆಂಬ ವಾದ 1956ರ ರಾಜ್ಯ ಪುನರ್ವಿಂಗಡಣೆಯಿಂದ ನಡೆದೇ ಇದೆ. 2022ರಲ್ಲಿ ಅದು ಮತ್ತೆ ಕಾವೇರಿದಾಗ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಮಹಾರಾಷ್ಟ್ರದ ಕನ್ನಡ ಶಾಲೆಗಳಿಗೆ ಅನುದಾನ ಕೊಡುವ ಮಾತಾಡಿದ್ದರು. ಕರ್ನಾಟಕ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ ಇರುವುದೂ ಇಂಥ ಕೆಲಸಕ್ಕಾಗಿಯೇ. ಅದರ ಹಣ ಕಟ್ಟಡ, ಸಮಾರಂಭಗಳಿಗೆ ಹೋಗುವುದರ ಜೊತೆಗೆ ಜತ್ತದ ಕನ್ನಡ ಶಾಲೆಗಳ ಗ್ರಂಥಾಲಯಕ್ಕೆ, ಕನ್ನಡದ ಮೂಲಕ ಇಂಗ್ಲಿಷ್ ಕಲಿಸುವ ಶಿಕ್ಷಕರ ತರಬೇತಿಗೆ ಹೋಗಲಿ. ಬೆಂಗಳೂರಿನ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ 1963ರಿಂದ ಶಿಕ್ಷಕರ ತರಬೇತಿ ನಡೆಸುತ್ತಿದೆ. ಜತ್ತದ ಶಿಕ್ಷಕರಿಗೂ ಅಲ್ಲಿ ಕೆಲವು ಸ್ಥಾನ ಮೀಸಲಿಡುವಂತೆ ಎರಡು ಸರಕಾರಗಳು ಮಾತಾಡಿಕೊಂಡರೆ ಗಡಿವಾದಕ್ಕೆ ಅದರಿಂದ ಯಾವ ಬಾಧೆಯೂ ಇಲ್ಲ.

ಸಾಂಗ್ಲಿ ಜಿಲ್ಲಾ ಪರಿಷತ್ತಿನ ಮೇಲಿರುವ ಹೊಣೆ ಇನ್ನೂ ನೇರ. ಖಾಲಿ ಇರುವ ಕನ್ನಡ ಶಿಕ್ಷಕರ ಹುದ್ದೆಗಳನ್ನು ಕನ್ನಡ ಮಾಧ್ಯಮದಲ್ಲಿ ಕಲಿತವರಿಂದಲೇ ತುಂಬಬೇಕು. ಪರೀಕ್ಷೆಯ ಖರ್ಚಿನ ಹೊರೆಯನ್ನೂ ನೋಡಬೇಕು. ಐಇಎಲ್‌ಟಿಎಸ್‌ಗೆ ಒಂದು ಸಲ ಕೂರಲು ಹದಿನೇಳು, ಹದಿನೆಂಟು ಸಾವಿರ ರೂಪಾಯಿಯಷ್ಟು ಶುಲ್ಕ ಬೀಳುತ್ತದೆ, ಫಲಿತಾಂಶಕ್ಕೆ ಎರಡೇ ವರ್ಷದ ಆಯುಸ್ಸು. ಕಬ್ಬು ಕಡಿಯುವ ಕುಟುಂಬದ ಹುಡುಗಿ ಇದನ್ನು ಎರಡು, ಮೂರು ಸಲ ಕಟ್ಟಲಾರಳು. ಹಾಗಾಗಿ ಜತ್ತದ ಕಾಲೇಜುಗಳು ಪರೀಕ್ಷೆಗೆ ಒಂದು ವರ್ಷ ಮೊದಲೇ ಓದು, ಬರಹದ ತರಗತಿಗಳನ್ನು ಉಚಿತವಾಗಿ ನಡೆಸಬೇಕು, ಮಾದರಿ ಪರೀಕ್ಷೆ ಕೊಟ್ಟು ಪ್ರಬಂಧ ತಿದ್ದಿಕೊಡಬೇಕು, ಸಮಾಜ ಕಲ್ಯಾಣ ಇಲಾಖೆ ಮೊದಲ ಸಲದ ಶುಲ್ಕವನ್ನು ಭರಿಸಬೇಕು. ಬರುವ ಜೂನಿನಲ್ಲಿ ಶಾಲೆ ತೆರೆಯುವ ಹೊತ್ತಿಗೆ ಕನಿಷ್ಠ ಉಮದಿ, ಸಂಖ, ಮಾಡಗ್ಯಾಳದ ಪ್ರೌಢಶಾಲೆಗಳಿಂದ ಈ ಕೆಲಸ ಶುರು ಮಾಡುವುದು ಜಿಲ್ಲಾ ಪರಿಷತ್ತಿಗೂ ಗಡಿ ಪ್ರಾಧಿಕಾರಕ್ಕೂ ಸಾಧ್ಯವಿರುವ ಮಾತು. ಪಾಲಕರು, ಗ್ರಾಮ ಪಂಚಾಯಿತಿಗಳು ಈ ಬೇಸಿಗೆಯಲ್ಲೇ ಅದನ್ನು ಬರಹದಲ್ಲಿ ಕೇಳಬೇಕು.